ತಕ್ಕಡಿಯ ಸಾಕ್ಷಿ

ಡಯಾಲಿಸಿಸ್‌ಗೆ ಬಂದವರು ಮೊದಲು ತೂಕದ ಮಿಷನ್ ಹತ್ತಬೇಕು. ಕಳೆದ ಸರದಿಯಿಂದೀಚೆಗೆ ಮೈಯಲ್ಲಿ ಎಷ್ಟು ನೀರು ಸೇರಿದೆಯೆಂದು ಅದೇ ಹೇಳುತ್ತದೆ. ಪುಟ್ಟತಾಯಮ್ಮ ಹತ್ತಿದಳು. ಮುಳ್ಳು ಹೋದ ತಿಂಗಳು ನಿಂತಿದ್ದ ಜಾಗದಲ್ಲೇ ನಿಂತಿತು.

ಆದರೆ ಡಾಕ್ಟರ್ ಚಿತ್ರಾಳ ಕೈಯಲ್ಲಿದ್ದ ರಕ್ತಪರೀಕ್ಷೆ ಒಪ್ಪಲಿಲ್ಲ. ನೀರಿನ ಭಾರಕ್ಕೆ ಬಳಲಿದ ಹೃದಯ ರಕ್ತಕ್ಕೆ ಬಿಡುವ ಹಾರ್ಮೋನು ದುಪ್ಪಟ್ಟಾಗಿತ್ತು.

“ನಿಜ ಹೇಳಿ ಅಮ್ಮ, ನೀರು ಜಾಸ್ತಿ ಕುಡೀತಿದೀರಾ?”

“ಮುಳ್ಳು ನೋಡು ಡಾಕ್ಟ್ರವ್ವ. ಒಂದು ಗೆರೆನಾದ್ರೂ ಏರೈತಾ?”

“ನಿಮ್ಮ ಹಾರ್ಟು ಬೇರೆ ಹೇಳ್ತಿದೆಯಲ್ಲ?”

“ಬೆನ್ನ ಹಿಂದೆ ಚಾಡಿ ಹೇಳ್ತದಾ? ತಾಕತ್ತಿದ್ರೆ ತಕ್ಕಡಿ ಮುಂದೆ ಬಂದು ಹೇಳ್ಲಿ!”

ಚಿತ್ರಾ ವಾದ ಬಿಟ್ಟು, ಬಿ.ಪಿ. ನೋಡಲು ಅವಳ ಕೈ ಎತ್ತಿದಳು. ಮಣಿಕಟ್ಟಿನಲ್ಲಿದ್ದ ಗಾಜಿನ ಬಳೆಗಳು ಸರ್ರನೆ ಜಾರಿ ಮೊಣಕೈಗೆ ಬಂದು ನಿಂತವು. ಹೋದ ತಿಂಗಳು ಅವು ಇದ್ದಲ್ಲಿಂದ ಅಲುಗಿರಲಿಲ್ಲ.

“ಇಷ್ಟು ಸೊರಗಿದೀರಿ. ತೂಕ ಮಾತ್ರ ಹೇಗೆ ಹಾಗೇ ಇದೆ?”

ಪುಟ್ಟತಾಯಮ್ಮ ಕೈ ಕಿತ್ತುಕೊಂಡಳು.

“ಹೂಂ, ಕುಡ್ದೆ. ಸುಮ್ನೆ ಕುಡುದ್ನಾ? ಒಂದೊಂದು ಚೊಂಬು ನೀರಿಗೂ ಒಂದೊಂದು ಮುದ್ದೆ ಬುಟ್ಟಿವ್ನಿ!”