ಎಮ್ಮೆಗೆ ಪಥ್ಯ

ಡೇರಿಯಲ್ಲಿ ಹಾಲು ಪರೀಕ್ಷಿಸುವ ಇಂದುಮತಿ ಸತತ ನಾಲ್ಕು ದಿನ ನೀಲವ್ವನ ಹಾಲನ್ನು ಹಿಂದಕ್ಕೆ ಕಳಿಸಿದ್ದಳು. ಬೂಷ್ಟು ಹಿಡಿದ ಗೋವಿನಜೋಳ ತಿಂದ ಎಮ್ಮೆಯ ಹಾಲಿಗೆ ವಿಷ ಇಳಿದಿತ್ತು. ಕಾಯಿಸಿದರೂ ಹೋಗುವಂಥದ್ದಲ್ಲ. ನೀಲವ್ವನ ಮನೆ ನಡೆಯುತ್ತಿದ್ದುದೇ ಆ ಹಾಲಿನಿಂದ.

"ಆ ಕಾಳು ಎಮ್ಮಿಗೆ ಹಾಕಬ್ಯಾಡ್ರಿ ಯವ್ವಾ, ಹಾಲು ಕುಡಿದವರ ಲಿವರ್ ಕೆಡತೈತಿ," ಎಂದು ಇಂದುಮತಿ ಕೈಮುಗಿದು ಹೇಳಿದ್ದಳು.

ಹದಿನೈದು ದಿನ ಕಳೆದ ಮೇಲೆ ಹಾಲು ಪರೀಕ್ಷೆಯಲ್ಲಿ ಪಾಸಾಯಿತು. ಇಂದುಮತಿಗೆ ಕಣ್ಣು ತುಂಬಿ ಬಂತು.

"ಗೆದ್ದಿರಿ ಬಿಡ್ರಿ! ಎಮ್ಮಿಗೆ ಈಗ ಏನು ಹಾಕ್ತೀರಿ?"

"ನಮ್ಮ ಊಟಕ್ಕಂತ ಇಟ್ಟಿದ್ದ ಬಿಳಿಜೋಳ."

"ಮತ್ತ ಆ ಬೂಷ್ಟಿನ ಕಾಳು? ಸುಟ್ಟುಬಿಟ್ರಿಲ್ಲೋ?"

"ಸುಡೂದ್ಯಾಕ?" ನೀಲವ್ವ ನಕ್ಕಳು. "ತೊಳದು, ಒಣಗಿಸಿ, ಬೀಸಿಕೊಂಡ ಬಂದೇನಿ. ಮೊಮ್ಮಕ್ಕಳು, ನಾವು, ಎಲ್ಲಾರೂ ದಿನಾ ಅದರ ರೊಟ್ಟಿನ ತಿನ್ನಾಕತ್ತೀವಿ."