ಉಳಿದ ದನಿ

ಈ ಶನಿವಾರವೂ ಅವನು ಜಾಗ ಬದಲಾಯಿಸಿದ. ಮೊದಲ ವಾರ ಹೊಲಿಗೆಯವಳ ಪಕ್ಕ, ಹೋದ ವಾರ ಅಂಚೆ ಕಚೇರಿಯ ಗುಮಾಸ್ತೆಯ ಪಕ್ಕ, ಇವತ್ತು ಆ ಗುಮಾಸ್ತೆಯ ಅತ್ತಿಗೆಯ ಪಕ್ಕ. ಗ್ರಂಥಾಲಯದ ಮಹಡಿಯಲ್ಲಿ ಸೇರುವ ಆ ಗಾಯನ ವೃಂದದಲ್ಲಿ ಗುಸುಗುಸು ಶುರುವಾಗಿತ್ತು. ಅರವತ್ತು ದಾಟಿದ ಗಂಡಸು, ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ಸರದಿಯ ಮೇಲೆ ಹೆಂಗಸರ ಪಕ್ಕ ನಿಲ್ಲುತ್ತಾನೆಂದರೆ ಜನ ಸುಮ್ಮನಿರುತ್ತಾರೆಯೇ?

"ಹಾಡೋಕೆ ಬಂದಿದ್ದಾರೋ, ಹೆಣ್ಣು ನೋಡೋಕೆ ಬಂದಿದ್ದಾರೋ," ಎಂದಳು ಹೊಲಿಗೆಯವಳು, ಅವನಿಗೆ ಕೇಳಿಸುವಷ್ಟು ಮೆಲ್ಲಗೆ.

ಕೇಳಿಸಿತು. ಉತ್ತರ ಕೊಡುವುದಕ್ಕೂ ತ್ರಾಣ ಬೇಕಲ್ಲ. ಮೂವತ್ತೊಂದು ವರ್ಷ ಪತ್ರಿಕೆಯ ಮುದ್ರಣಾಲಯದಲ್ಲಿ ರಾತ್ರಿ ಪಾಳಿ ಮಾಡಿದ ಮೈ ಅದು. ನಿವೃತ್ತಿಯಾದ ಮೇಲೆ ರಾತ್ರಿ ನಿದ್ದೆ ಹತ್ತದು, ಹಗಲು ಮಲಗಲು ಮನಸ್ಸಾಗದು. ಹಾಡಿನ ಹುಚ್ಚಂತೂ ಅವನಿಗೆ ಎಂದೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಹೆಂಡತಿಯ ದನಿ.

ಒಂಬತ್ತು ವರ್ಷ ಅವಳು ಇದೇ ವೃಂದದಲ್ಲಿದ್ದಳು. ಶನಿವಾರ ಮಧ್ಯಾಹ್ನ ಮೂರಕ್ಕೆ, ಅವನು ಗಾಢ ನಿದ್ದೆಯಲ್ಲಿರುವಾಗ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಬೀಳುತ್ತಿದ್ದಳು. ಅವನು ಏಳುವ ಹೊತ್ತಿಗೆ ಚಹಾ ಸಿದ್ಧವಾಗಿರುತ್ತಿತ್ತು. ಮನೆಯಲ್ಲಿ ಅವಳು ಹಾಡಿದವಳಲ್ಲ. ಕರೆಗಂಟೆಯ ತಂತಿ ಕಿತ್ತಿಟ್ಟ ಮನೆ. ಕುರ್ಚಿಯ ಕಾಲುಗಳಿಗೆಲ್ಲ ಹಳೇ ಬಟ್ಟೆ ಸುತ್ತಿತ್ತು. ರಾತ್ರಿಯಿಡೀ ದುಡಿದು ಬಂದವನಿಗೆ ನಿದ್ದೆ ಬೇಡವೇ? ಅದರಲ್ಲಿ ಯಾರ ತಪ್ಪೂ ಇರಲಿಲ್ಲ, ಇತ್ತೆಂದು ಯಾರೂ ಹೇಳಿರಲೂ ಇಲ್ಲ.

ಅವಳು ಹೋದ ಮೇಲೆ ಮಗಳು ಅವನ ಫೋನಿಗೆ ಒಂದು ವಿಡಿಯೋ ಹಾಕಿಕೊಟ್ಟಳು. ಹಿಂದಿನ ವರ್ಷದ ಕಾರ್ಯಕ್ರಮ. ನಾಲ್ವರು ಗಂಡಸರು, ಏಳು ಹೆಂಗಸರು, ಒಂದೇ ಹಾಡು. ನಡುವೆ ಕಣ್ಣು ಮುಚ್ಚಿ, ಎಲ್ಲರಿಗಿಂತ ಅಗಲವಾಗಿ ಬಾಯಿ ತೆರೆದು ನಿಂತವಳು ಅವನ ಹೆಂಡತಿ. ಅಷ್ಟೊಂದು ಖುಷಿಯ ಮುಖವನ್ನು ಅವನು ಮನೆಯಲ್ಲಿ ಕಂಡಿರಲಿಲ್ಲ. ಮತ್ತೆ ಮೊದಲಿನಿಂದ ಹಾಕಿ ಕೇಳಿದ.

"ಇದ್ರಲ್ಲಿ ನಿಮ್ಮಮ್ಮನ ದನಿ ಯಾವುದಮ್ಮ?"

"ನನಗೇನು ಗೊತ್ತಪ್ಪ? ನಾವೆಲ್ಲ ಪಿಸುಗುಟ್ಕೊಂಡೇ ಬೆಳೆದೋರು," ಎಂದು ಮಗಳು ನಕ್ಕಳು.

ಯಂತ್ರದವನಿಗೆ ಗೊತ್ತಿದ್ದ ಉಪಾಯ ಒಂದೇ. ಓಡುವ ಮುದ್ರಣಯಂತ್ರದಲ್ಲಿ ಎಲ್ಲೋ ಒಂದು ಸದ್ದು ಹುಡುಕಬೇಕಾದರೆ, ಗೊತ್ತಿರುವ ಸದ್ದುಗಳನ್ನು ಒಂದೊಂದಾಗಿ ಕಿವಿಯಿಂದ ಬಿಡಿಸಿ ಬದಿಗಿಡುತ್ತ ಹೋಗಬೇಕು. ಕೊನೆಗೆ ಉಳಿದದ್ದೇ ಹುಡುಕಿದ್ದು. ಹಾಗೆಂದೇ ಅವನು ವೃಂದ ಸೇರಲು ಹೆಸರು ಕೊಟ್ಟ. ಗಂಡಸರ ದನಿ ಮೊದಲ ದಿನವೇ ಬೇರೆಯಾಯಿತು. ಆಮೇಲೆ ವಾರಕ್ಕೊಬ್ಬ ಹೆಂಗಸು. ಪಕ್ಕದಲ್ಲಿ ನಿಂತು ದನಿಯನ್ನು ಕಿವಿಗೆ ಹಚ್ಚಿಕೊಳ್ಳುವುದು, ಮನೆಗೆ ಹೋಗಿ ವಿಡಿಯೋದಲ್ಲಿ ಹುಡುಕಿ ಬದಿಗಿಡುವುದು.

ಅವನ ಸ್ವಂತ ದನಿ ಮಾತ್ರ ಗಂಟಲು ದಾಟುತ್ತಿರಲಿಲ್ಲ.

"ಸ್ವಲ್ಪ ದನಿ ಬಿಡಿ ಸಾರ್," ಎನ್ನುತ್ತಿದ್ದರು ಹಾಡು ಕಲಿಸುವ ಟೀಚರ್. "ನಿಮ್ಮನೆ ನೀರೇ ಹಾಗೆ ಅಂತ ಕಾಣತ್ತೆ."

ಐದನೆಯ ವಾರಕ್ಕೆ ಐವರ ದನಿ ತಿಳಿಯಿತು. ಬಾಕಿ ಇದ್ದದ್ದು ನಿವೃತ್ತ ನರ್ಸ್ ಒಬ್ಬರೇ. ಹಿಂದೆ ಹೆಂಡತಿಯ ಪಕ್ಕದಲ್ಲೇ ನಿಲ್ಲುತ್ತಿದ್ದವರು. ಅವನು ಈ ತುದಿಗೆ ಬಂದರೆ ಅವರು ಆ ತುದಿಗೆ. ಮಾತಾಡಿಸಲು ಹೋದರೆ ಬಸ್ಸಿಗೆ ಹೊತ್ತಾಯಿತು. ಎರಡು ಶನಿವಾರ ಬರಲೇ ಇಲ್ಲ. ಇವರೂ ತನ್ನನ್ನು ತಪ್ಪು ತಿಳಿದರೇನೋ ಎಂದು ಅವನು ನೊಂದುಕೊಂಡ.

ಆದರೆ ವಿಡಿಯೋದಲ್ಲಿ ಒಂದು ದನಿ ಉಳಿದಿತ್ತು. ತಗ್ಗಿನ, ತಂಪಾದ ದನಿ. ಸಾಲಿನ ಕೊನೆಗೆ ಬರುವಾಗ ಕೊಂಚ ದಣಿದಂತೆ ಇಳಿಯುತ್ತಿತ್ತು. ಅವನಿಗೆ ಸಂಶಯವೇ ಉಳಿಯಲಿಲ್ಲ. ಮೂವತ್ತಾರು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ತಿಳಿಯದೇ? ನರ್ಸಿನ ದನಿ ಉಳಿದವರ ಅಡಿಯಲ್ಲೆಲ್ಲೋ ಸಿಕ್ಕಿಕೊಂಡಿರಬೇಕು ಎಂದುಕೊಂಡ. ದಿನಕ್ಕೆ ಹತ್ತು ಸಲ ಹಾಕಿ ಕೇಳಿದ. ಎಷ್ಟೋ ತಿಂಗಳ ಮೇಲೆ ಕಣ್ತುಂಬ ನಿದ್ದೆ ಬಂತು.

ಮುಂದಿನ ಶನಿವಾರ ಹೋದದ್ದು ಟೀಚರಿಗೆ ಹೇಳಿ ವೃಂದ ಬಿಡಲಿಕ್ಕೆ. ಅಭ್ಯಾಸ ಆಗಲೇ ಶುರುವಾಗಿತ್ತು. ಖಾಲಿ ಇದ್ದದ್ದು ನರ್ಸಿನ ಪಕ್ಕದ ಜಾಗ ಒಂದೇ. ನಿಂತ. ಅವರಿಗೆ ಸರಿದುಕೊಳ್ಳಲು ಎಡೆಯಿರಲಿಲ್ಲ, ಹಾಡಿದರು.

ತಗ್ಗಿನ, ತಂಪಾದ ದನಿ. ಸಾಲಿನ ಕೊನೆಗೆ ದಣಿದಂತೆ ಇಳಿಯಿತು.

ಅವನು ನಡುವೆಯೇ ಹೊರಗೆ ಹೋಗಿ ಮಹಡಿ ಮೆಟ್ಟಿಲ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ನರ್ಸ್ ಬಂದು ಒಂದು ಮೆಟ್ಟಿಲು ಮೇಲೆ ಕುಳಿತರು.

"ಅದು ಅವಳ ದನಿ ಅಂದ್ಕೊಂಡಿದ್ದೆ ಸಿಸ್ಟರ್," ಎಂದ. "ಎಲ್ಲರದ್ದೂ ತೆಗೆದು ನೋಡಿದೆ. ಇನ್ನು ಏನೂ ಉಳೀತಿಲ್ಲ. ಅವಳದು ಎಲ್ಲಿ ಹೋಯ್ತು?"

"ಇದನ್ನ ಕೇಳ್ತೀರ ಅಂತಲೇ ನಿಮ್ಮ ಕಣ್ಣು ತಪ್ಪಿಸಿ ಓಡಾಡ್ತಿದ್ದೆ." ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಒಂಬತ್ತು ವರ್ಷ ನನ್ನ ಪಕ್ಕದಲ್ಲೇ ನಿಂತ್ರು. ಬರೀ ಬಾಯಿ ಆಡಿಸೋರು, ಒಂದು ದಿನವೂ ದನಿ ಬಿಡಲಿಲ್ಲ. ಒಂದ್ಸಲ ತಡೀಲಾರದೆ ಕೇಳಿದೆ, ಇಷ್ಟು ದೂರ ಬರ್ತೀರಲ್ಲ, ಒಮ್ಮೆ ಗಟ್ಟಿಯಾಗಿ ಹಾಡಬಾರದಾ ಅಂತ."

ಅವನು ತಿರುಗಿ ಅವರ ಮುಖ ನೋಡಿದ.

"'ಈ ಹೊತ್ತಿಗೆ ಅವರು ಮಲಗಿರ್ತಾರೆ' ಅಂದ್ರು."