ಸೊಲ್ಲು ಹಿಡಿದ ಕಾರು

ಪರಸಪ್ಪ ತನ್ನ ಹಳೆಯ ಮಾರುತಿ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು ಓಣಿಯವರನ್ನೆಲ್ಲ "ಬರ್ರಿ, ಬರ್ರಿ" ಎಂದು ಕರೆಯುತ್ತಿದ್ದರೆ, ಅವನ ಹೆಂಡತಿ ಮಾಲವ್ವ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಧಾರವಾಡ ರೇಡಿಯೊದಲ್ಲಿ ಅವಳದೇ ಸೋಬಾನೆ ಪದ ಬರುವುದಿತ್ತು.

"ಏ ಮಾಲಿ, ಹೊರಗ ಬಾ. ನಿನ್ನ ಸಲುವಾಗಿ ಗಾಡಿಗೆ ಡಿಜಿಟಲ್ ರೇಡಿಯೊ ಹಾಕಿಸೇನಿ. ಮೊದಲಿನಂಗ ಗರಗರ ಅನ್ನೂದಿಲ್ಲ. ನೀ ಉಸಿರು ತಗೊಂಡದ್ದೂ ಕೇಳತೈತಿ!"

"ಅದಕ್ಕ ನನಗ ಅಂಜಿಕಿ!" ಒಳಗಿನಿಂದ ಉತ್ತರ ಬಂತು. "ಗರಗರ ಇದ್ದಿದ್ರ ಅದರಾಗ ಮುಚ್ಚಿ ಹೋಗತಿತ್ತು. ಬಂದ್ ಮಾಡ್ರಿ ಅದನ್ನ!"

ಅವಳ ಅಂಜಿಕೆಗೆ ಕಾರಣವಿತ್ತು. ಸೋಬಾನೆ ಪದ ಒಬ್ಬರ ಹಾಡಲ್ಲ. ಒಬ್ಬಾಕೆ ಸೊಲ್ಲು ಎತ್ತಿಕೊಟ್ಟರೆ ಇನ್ನೊಬ್ಬಾಕೆ ಅದನ್ನೇ ಹಿಡಿದು ತಿರುಗಿ ಹಾಡಬೇಕು. ದಾಂಡೇಲಿಯ ಆ ಓಣಿಯಲ್ಲಿ ಯಾರ ಮದುವೆಯೇ ಇರಲಿ, ಬಸುರಿಯ ಕುಬಸವೇ ಇರಲಿ, ಎತ್ತುವವಳು ಮಾಲವ್ವ, ಹಿಡಿಯುವವಳು ಎದುರುಮನೆಯ ಕಾಶೆವ್ವ. ಹಿಡಿಯುವುದು ಯಾವಾಗಲೂ ಚೂರು ತಡ. "ಬಸ್ ತಪ್ಪಿದಾಕಿ ಹಂಗ ಹಿಂದಿಂದ ಓಡಿ ಬರ್ತಿ ನೋಡು" ಎಂದು ಮಾಲವ್ವ ಬೈಯುತ್ತಲೇ ಬಂದಿದ್ದಳು, ಕಾಶೆವ್ವ ನಗುತ್ತಲೇ ಬಂದಿದ್ದಳು. ಆದರೆ ರೇಡಿಯೊದವರು ಕರೆಯುವ ಹೊತ್ತಿಗೆ ಕಾಶೆವ್ವನ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಗಿಬಿಟ್ಟಿತ್ತು. ಪಿಸುಮಾತಿನ ಮೇಲೆ ಒಂದಕ್ಷರ ಏಳುತ್ತಿರಲಿಲ್ಲ. ಮಾಲವ್ವ ಒಬ್ಬಳೇ ಧಾರವಾಡಕ್ಕೆ ಹೋಗಿ ರೆಕಾರ್ಡಿಂಗಿಗೆ ಹಾಡಿದಳು. ಹಾಡಿದ್ದೇನೋ ಸರಿ, ರೂಢಿ ಬಿಡಬೇಕಲ್ಲ! ಒಂದೊಂದು ಸೊಲ್ಲು ಮುಗಿದಾಗಲೂ ಕಾಶೆವ್ವನ ಪಾಲಿಗೆಂದು ಬಾಯಿ ಮುಚ್ಚಿ ಸುಮ್ಮನೆ ನಿಂತಿದ್ದಳು. ಇದು ಅವಳಿಗೆ ಹೊಳೆದದ್ದು ವಾಪಸು ಬರುವಾಗ, ಹಳಿಯಾಳ ದಾಟಿದ ಮೇಲೆ. ಅಂದಿನಿಂದ ಅವಳಿಗೆ ಊಟ ರುಚಿಸಿಲ್ಲ. ಹಾಡಿನ ತುಂಬ ತೂತು, ಊರೆಲ್ಲ ನಗುತ್ತದೆ ಎಂಬುದೊಂದೇ ಮಾತು.

ಅಷ್ಟರಲ್ಲಿ ಕಾಶೆವ್ವ ತನ್ನ ಹಳೆಯ ಟ್ರಾನ್ಸಿಸ್ಟರನ್ನು ಕಂಕುಳಲ್ಲಿ ಅವುಚಿಕೊಂಡು ರಸ್ತೆ ದಾಟಿ ಬಂದಳು. ಪರಸಪ್ಪನ ಮುಖ ಸಪ್ಪಗಾಯಿತು.

"ಅಕ್ಕಾರ, ಈ ಡಬ್ಬಿ ಯಾಕ ತಂದ್ರಿ? ಇಲ್ಲಿ ಹೊಸಾದು ಐತಲ್ರೀ."

ಕಾಶೆವ್ವ 'ಇರಲಿ' ಎಂಬಂತೆ ಕೈಯಾಡಿಸಿದಳು. ಕಾಗದದ ಮಿಲ್ಲಿನಿಂದ ನಿವೃತ್ತನಾದ ಪರಸಪ್ಪನಿಗೆ ಆ ಕಾರೆಂದರೆ ಪ್ರಾಣ, ಓಣಿಯವರಿಗೆ ಅದರ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಟ್ರಾನ್ಸಿಸ್ಟರನ್ನು ಕಟ್ಟೆಯ ಮೇಲಿಟ್ಟು ಅವಳು ಬಾಗಿಲು ತಟ್ಟಿದಳು. ಕರೆಯದೆ ಬರೀ ತಟ್ಟುವವರು ಯಾರೆಂದು ಮಾಲವ್ವನಿಗೆ ಗೊತ್ತಿತ್ತು. ಚಿಲಕ ಸರಿಯಿತು.

"ನಾ ಇಲ್ಲದ ಪದ ಹೆಂಗ ಆಗೇತಿ ಅಂತ ನಾ ಕೇಳಬ್ಯಾಡೇನು?" ಕಾಶೆವ್ವ ಪಿಸುಗುಟ್ಟಿದಳು. ಮಾಲವ್ವನ ಕಣ್ಣು ತುಂಬಿತು. ಗೆಳತಿಯ ಕೈ ಹಿಡಿದುಕೊಂಡೇ ಹೊರಗೆ ಬಂದು ತಲೆ ತಗ್ಗಿಸಿ ಕೂತಳು.

ಮೊದಲು ಬಾಯಿ ಬಿಟ್ಟದ್ದು ಟ್ರಾನ್ಸಿಸ್ಟರು. ಗರಗರದ ನಡುವೆ ಹೆಣ್ಣುಮಗಳೊಬ್ಬಳು ಮಾಲವ್ವನ ಹೆಸರು ಹೇಳಿದಳು. ಕಾರಿನಲ್ಲೂ ಅದೇ ಹೆಣ್ಣುಮಗಳು ಅದೇ ಹೆಸರು ಹೇಳಿದಳು, ಆದರೆ ತುಸು ಹೊತ್ತಿನ ಮೇಲೆ. ಎರಡೂ ಕೂಡಿ ಯಾವುದೂ ತಿಳಿಯದಂತಾಯಿತು.

"ಕಾಕಾ, ಗಾಡಿ ಹಂಗ ನಿಮ್ಮ ರೇಡಿಯೊನೂ ಲೇಟ್ ನೋಡ್ರಿ!" ಎಂದು ಯಾರೋ ಅಂದರು. ಓಣಿ ಘೊಳ್ಳೆಂದಿತು.

ಡಿಜಿಟಲ್ ಎಂದರೆ ದನಿ ಚೂರು ತಡವಾಗಿಯೇ ಬರುತ್ತದೆ ಎಂದು ಅದನ್ನು ಕೂಡಿಸಿಕೊಟ್ಟ ಜ್ಯೋತಿಬಾ ಹೇಳಿದ್ದ. ಹೊಳೆಯುವ ಗಾಜು ನೋಡುವ ಖುಷಿಯಲ್ಲಿ ಪರಸಪ್ಪ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ಅವಮಾನವಾಗಿ, ಬಂದ್ ಮಾಡಲೆಂದು ಕಾರಿನೊಳಗೆ ಕೈ ಚಾಚಿದ. ಅಷ್ಟರಲ್ಲಿ ಪದ ಶುರುವಾಯಿತು.

'ಬಾಗಿಲಕ ಬಂದಾಳ, ಕಾಲಿಗಿ ನೀರ ಕೊಡಿರವ್ವಾ' ಎಂದು ಟ್ರಾನ್ಸಿಸ್ಟರು ಹಾಡಿ ಸುಮ್ಮನಾಯಿತು. ತೂತು ಬಂತು ಎಂದು ಮಾಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

'ಬಾಗಿಲಕ ಬಂದಾಳ, ಕಾಲಿಗಿ ನೀರ ಕೊಡಿರವ್ವಾ' ಎಂದು ಕಾರು ತಿರುಗಿ ಹಾಡಿತು!

ಪರಸಪ್ಪನ ಕೈ ಗುಂಡಿಯ ಮೇಲೇ ನಿಂತಿತು. ಕಾರು ಸುಮ್ಮನಾದಾಗ ಟ್ರಾನ್ಸಿಸ್ಟರು ಮುಂದಿನ ಸೊಲ್ಲು ಎತ್ತಿತು. ಅದು ನಿಲ್ಲಿಸಿತು, ಕಾರು ಹಿಡಿಯಿತು. ಕಟ್ಟೆಯ ಮೇಲಿನದು ಗೊಗ್ಗರು ದನಿ, ಕಾರಿನದು ತಿಳಿಯಾದ ದನಿ. ಕಣ್ಣು ಮುಚ್ಚಿದರೆ ಇಬ್ಬರು ಹೆಂಗಸರು ಎದುರುಬದುರು ಕೂತು ಹಾಡಿದಂತೆಯೇ. ಒಂದು ತೂತೂ ಉಳಿಯಲಿಲ್ಲ.

"ಬಂದ್ ಮಾಡಬ್ಯಾಡ್ರೀ!" ಬೆಳಗಿನಿಂದ ಬಂದ್ ಮಾಡೆನ್ನುತ್ತಿದ್ದ ಮಾಲವ್ವನೇ ಕೂಗಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕಾಶೆವ್ವ ದನಿಯಿಲ್ಲದೆ ತುಟಿ ಆಡಿಸುತ್ತ, ಕಾರಿನ ಸೊಲ್ಲಿಗೆ ಸರಿಯಾಗಿ ತಲೆದೂಗುತ್ತಿದ್ದಳು.

ಪದ ಮುಗಿಯಿತು. ಸೋಬಾನೆ ಹಾಡಿದವರನ್ನು ಅರಿಸಿನ ಕುಂಕುಮ ಹಚ್ಚದೆ ಕಳಿಸುವ ಪದ್ಧತಿಯಿಲ್ಲ. ಕಾಶೆವ್ವ ಒಳಗಿನಿಂದ ಕುಂಕುಮದ ಭರಣಿ ತಂದು ಮಾಲವ್ವನ ಹಣೆಗೆ ಹಚ್ಚಿದಳು. ಮಾಲವ್ವನೂ ಅವಳಿಗೆ ಹಚ್ಚಿದಳು. ಆಮೇಲೆ ಕಾಶೆವ್ವ ಕಾರಿನೊಳಗೆ ಬಗ್ಗಿ ಹೊಸ ರೇಡಿಯೊದ ಗಾಜಿನ ನಟ್ಟನಡುವೆ ಬೆರಳೊತ್ತಿದಳು.

"ಅಯ್ಯ, ಗಾಜಿಗೆ ಬ್ಯಾಡ್ರೀ ಅಕ್ಕಾರ! ಜ್ಯೋತಿಬಾ ಬೈತಾನ ನನಗ!"

ಕಾಶೆವ್ವ ಅವನ ಕಡೆ ನೋಡಲೂ ಇಲ್ಲ. ಗೆಳತಿಯ ಕಿವಿಯ ಹತ್ತಿರ ಬಾಗಿದಳು. ಓಣಿಯೆಲ್ಲ ಸುಮ್ಮನಿದ್ದುದರಿಂದ ಆ ಪಿಸುಮಾತು ಎಲ್ಲರಿಗೂ ಕೇಳಿತು.

"ಇದನ್ನರೆ ಬೈಬ್ಯಾಡ ಮಾಲವ್ವಾ. ಪಾಪ, ನನ್ನಂಗ ತುಸು ತಡಾ ಮಾಡತೈತಿ."